ಪೋರ್ಷೆ 930 ಟರ್ಬೊ: ಕೊಳ್ಳುವುದು, ಸಾಕುವುದು, ಓಡಿಸುವುದು, ಮಾರುವುದು

1975ರಿಂದ 1989ರವರೆಗೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಝುಫ್ಫೆನ್‌ಹೌಸನ್ ಕಾರ್ಖಾನೆಯಲ್ಲಿ ತಯಾರಾದ ಪೋರ್ಷೆ 911 ಟರ್ಬೊ ಕಾರಿಗೆ ಕಾರ್ಖಾನೆಯವರು ಇಟ್ಟ ಸಂಖ್ಯೆ 930. ಓಡಿಸಿ ಪೆಟ್ಟು ತಿಂದವರು ಇಟ್ಟ ಹೆಸರು ವಿಡೋಮೇಕರ್, ಅಂದರೆ ಕಟ್ಟಿಕೊಂಡವಳ ಕುಂಕುಮ ಅಳಿಸುವ ಗಾಡಿ. ಆ ಹೆಸರಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಅದರ ಹಿಂದಿರುವ ಕಾರಣ ನಿಜವಾದದ್ದು. ತಪ್ಪನ್ನು ತಡವಾಗಿ ತಿದ್ದಿಕೊಳ್ಳಲು ಈ ಕಾರು ಅವಕಾಶ ಕೊಡುವುದಿಲ್ಲ. ತಿರುವಿನೊಳಗೆ ನುಗ್ಗಿದ ಮೇಲೆ ವೇಗ ಹೆಚ್ಚಾಯಿತೆಂದು ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಹಣ ಕೊಟ್ಟ ಮೇಲೆ ತಗಡಿನ ಕೆಳಗೆ ತುಕ್ಕು ಹುಡುಕುವುದು, ಫ್ಯಾನಿನ ಪಟ್ಟಿ ಹರಿದ ಮೇಲೆ ಎಂಜಿನ್ ಬಿಸಿಯಾಯಿತೆಂದು ತಿಳಿಯುವುದು, ಈ ಮೂರೂ ಒಂದೇ ಬಗೆಯ ತಪ್ಪುಗಳು. ಆದ್ದರಿಂದ ಈ ಮಾರ್ಗದರ್ಶಿಯ ಪ್ರತಿ ಹಂತದಲ್ಲೂ ಯಾವ ಕೆಲಸ ಮೊದಲೇ ಆಗಿರಬೇಕು ಎಂಬುದನ್ನೇ ಹೇಳಲು ಪ್ರಯತ್ನಿಸಿದ್ದೇನೆ.

ಇದನ್ನು ಜರ್ಮನಿಯಲ್ಲಿ ನೆಲೆಸಿ ದುಡಿಯುತ್ತಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಭಾರತದಲ್ಲಿ ಬಳಸಿದ ಕಾರನ್ನು ತರಿಸಿಕೊಳ್ಳಲು ಸಾಮಾನ್ಯ ನಿಯಮದಂತೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಮತ್ತು ಸ್ಟಿಯರಿಂಗ್ ಬಲಗಡೆ ಇರಬೇಕು. ಹೀಗಾಗಿ ಇಲ್ಲಿ ಕೊಂಡು ಮುಂದೆ ಊರಿಗೆ ಒಯ್ಯುತ್ತೇನೆ ಎಂಬ ಲೆಕ್ಕಾಚಾರದ ಮೇಲೆ ಯಾರೂ ಈ ಕಾರಿಗೆ ಕೈ ಹಾಕಬಾರದು.

ಮೊದಲು ಯಾವ 930 ಎಂದು ನಿರ್ಧರಿಸಿ

1972ರಲ್ಲಿ ಪೋರ್ಷೆಯ 917/10 ಮತ್ತು 1973ರಲ್ಲಿ 917/30 ರೇಸ್ ಕಾರುಗಳು ಉತ್ತರ ಅಮೆರಿಕದ ಕ್ಯಾನ್-ಆಮ್ ರೇಸ್ ಸರಣಿಯನ್ನು ಗೆದ್ದದ್ದು ಟರ್ಬೊ ಬಲದಿಂದ, ಅಂದರೆ ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರದ ಬಲದಿಂದ. ಆ ಅನುಭವವನ್ನು ಪೋರ್ಷೆಯ ಆಗಿನ ಮುಖ್ಯಸ್ಥ ಎರ್ನ್ಸ್ಟ್ ಫೂರ್ಮಾನ್ ಅವರ ಮುಂದಾಳತ್ವದಲ್ಲಿ ರಸ್ತೆಯ ಕಾರಿಗೆ ಇಳಿಸಲಾಯಿತು. 1974ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅನಾವರಣಗೊಂಡ ಮೊದಲ ಮಾದರಿಗೆ 3.0 ಲೀಟರಿನ ಎಂಜಿನ್, 260 ಅಶ್ವಶಕ್ತಿ, ನಾಲ್ಕು ಗೇರು. 1978ನೆಯ ಮಾದರಿ ವರ್ಷದಿಂದ ಎಂಜಿನ್ 3.3 ಲೀಟರಿಗೆ, ಶಕ್ತಿ 300ಕ್ಕೆ ಏರಿತು. ಹಿಂದಿನ ದೊಡ್ಡ ರೆಕ್ಕೆಯ ಕೆಳಗೆ ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಂತು, 917ರ ವಿನ್ಯಾಸದಿಂದ ಪಡೆದ ನಾಲ್ಕು ಪಿಸ್ಟನ್ನಿನ ಬ್ರೇಕುಗಳು ಬಂದವು. ಐದು ಗೇರಿನ ಜಿ50 ಪೆಟ್ಟಿಗೆ ಸಿಕ್ಕಿದ್ದು ಕೊನೆಯ ವರ್ಷವಾದ 1989ರಲ್ಲಿ ಮಾತ್ರ.

ಸಂಗ್ರಹಕಾರರು 3.0 ಲೀಟರಿನ ಮೊದಲ ಕಾರುಗಳನ್ನೂ 1989ರ ಕಾರನ್ನೂ ಹೆಚ್ಚು ಅರಸುತ್ತಾರೆ. ಓಡಿಸಲೆಂದೇ ಕೊಳ್ಳುವವರಿಗೆ ನನ್ನ ಸಲಹೆ, ಎಂಬತ್ತರ ದಶಕದ ನಡುಭಾಗದ 3.3 ಲೀಟರಿನ ಕಾರು: ಬ್ರೇಕು ಒಳ್ಳೆಯದು, ಕಾರುಗಳು ಹೆಚ್ಚು ಸಿಗುತ್ತವೆ, ಬಿಡಿಭಾಗಗಳಿಗೆ ಪರದಾಟವಿಲ್ಲ. 1980ರಿಂದ 1985ರವರೆಗೆ ಅಮೆರಿಕದಲ್ಲಿ ಈ ಕಾರಿನ ಅಧಿಕೃತ ಮಾರಾಟವೇ ಇರಲಿಲ್ಲ. ಆ ವರ್ಷಗಳ ಕಾರೊಂದು ಅಮೆರಿಕದಿಂದ ಮರಳಿ ಬಂದಿದ್ದರೆ ಅದು ಖಾಸಗಿಯಾಗಿ ಅಲ್ಲಿಗೆ ಹೋಗಿ, ಅಲ್ಲಿನ ಹೊಗೆ ನಿಯಮಕ್ಕೆ ತಕ್ಕಂತೆ ಮಾರ್ಪಾಡಾಗಿರುವ ಸಾಧ್ಯತೆ ಹೆಚ್ಚು. ಆ ಮಾರ್ಪಾಡುಗಳನ್ನು ಮತ್ತೆ ಮೂಲಕ್ಕೆ ತಂದಿದ್ದಾರೆಯೇ ಎಂದು ಬಿಡಿಸಿ ಕೇಳಿ.

ಕಾಗದಪತ್ರ ನೋಡದೆ ಕಾರು ನೋಡಲು ಹೋಗಬೇಡಿ

ಕಾರನ್ನು ಕಣ್ಣಾರೆ ಕಂಡ ಮೇಲೆ ಬುದ್ಧಿ ಸ್ವಲ್ಪ ಹಿಂದೆ ಸರಿಯುತ್ತದೆ, ಇದು ನನ್ನ ಅನುಭವ. ಆದ್ದರಿಂದ ಮನೆಯಲ್ಲಿ ಕುಳಿತೇ ಚಾಸಿ ನಂಬರು, ಎಂಜಿನ್ ನಂಬರು, ನೋಂದಣಿಯ ಎರಡೂ ಭಾಗಗಳು, ಹಿಂದಿನ ರಿಪೇರಿಯ ಬಿಲ್ಲುಗಳು, ಎರಡು ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ವಾಹನ ತಪಾಸಣೆಯ ಹಳೆಯ ವರದಿಗಳು, ಇವುಗಳ ಚಿತ್ರಗಳನ್ನು ತರಿಸಿಕೊಳ್ಳಿ. ಎಂಜಿನ್ನಿನ ಮೇಲೆ ಕೊರೆದ ಮಾದರಿ ಸಂಖ್ಯೆ ಕಾರಿನ ವರ್ಷಕ್ಕೆ ಹೊಂದಬೇಕು. ಯುರೋಪಿನ ಮೊದಲ 3.0 ಲೀಟರಿಗೆ 930/50, ಮೊದಲ 3.3 ಲೀಟರಿಗೆ 930/60, 1983ರಿಂದ 930/66. 1986ರಿಂದ ಅಮೆರಿಕಕ್ಕೆ ಹೋದವುಗಳಿಗೆ 930/68. ಕಾರ್ಖಾನೆಯಿಂದ ಹೊರಡುವಾಗ ಯಾವ ಬಣ್ಣ, ಯಾವ ಸೀಟು, ಯಾವ ಎಂಜಿನ್ ಇತ್ತು ಎಂಬ ದಾಖಲೆಯನ್ನು ಪೋರ್ಷೆ ಸಂಸ್ಥೆಯಿಂದಲೇ ಹಣ ಕೊಟ್ಟು ಪಡೆಯಬಹುದು. ಅದಕ್ಕೆ ತಗಲುವ ಖರ್ಚು ಮುಂದೆ ಉಳಿಯುವ ಹಣದ ಮುಂದೆ ಏನೂ ಅಲ್ಲ.

ಓಡಿದ ಕಿಲೋಮೀಟರ್ ಕಡಿಮೆ ಇದೆ ಎಂಬ ಮಾತಿಗೆ ಮರುಳಾಗಬೇಡಿ. ಹಳೆಯ ತಪಾಸಣಾ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ ಆ ಅಂಕಿ ಏರುತ್ತ ಬಂದದ್ದನ್ನು ಜೋಡಿಸಿ ನೋಡಲು ಸಾಧ್ಯವಾದರೆ ಮಾತ್ರ ಅದಕ್ಕೆ ಬೆಲೆ. ಹತ್ತು ವರ್ಷ ಶೆಡ್ಡಿನಲ್ಲಿ ನಿಂತ ಕಾರಿಗಿಂತ ಪ್ರತಿ ಬೇಸಿಗೆಯಲ್ಲಿ ಓಡಿ, ಪ್ರತಿ ವರ್ಷ ಆಯಿಲ್ ಬದಲಿಸಿಕೊಂಡ ಕಾರನ್ನು ನಾನು ಯಾವಾಗಲೂ ಮೇಲೆಂದು ಎಣಿಸುತ್ತೇನೆ.

ತಗಡು

1976ನೆಯ ಮಾದರಿ ವರ್ಷದಿಂದ 911ರ ದೇಹಕ್ಕೆ ಸಂಪೂರ್ಣ ಸತುವಿನ ಲೇಪ ಬಂತು. ಹಾಗೆಂದು ತುಕ್ಕು ಹಿಡಿಯುವುದಿಲ್ಲ ಎಂದಲ್ಲ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ, ಅಪಘಾತದ ನಂತರ ಬೆಸುಗೆ ಹಾಕಿದಲ್ಲಿ ಸತುವಿನ ಲೇಪ ಸುಟ್ಟು ಹೋಗಿರುತ್ತದೆ. ಹೆಡ್‌ಲೈಟಿನ ಬಟ್ಟಲುಗಳ ಹಿಂಭಾಗ, ಬ್ಯಾಟರಿ ಕೂರುವ ಮೂಲೆಗಳು, ಪೆಟ್ರೋಲ್ ಟ್ಯಾಂಕಿನ ಕೆಳಗಿನ ತಗಡು, ಮುಂಗಾಜಿನ ಅಂಚು, ಬಾಗಿಲು ಮುಚ್ಚಿಕೊಳ್ಳುವ ಕಂಬದ ಬುಡ, ಜಾಕ್ ಹಾಕುವ ಜಾಗ, ಇಷ್ಟನ್ನು ಬೆರಳಿನಿಂದ ಮುಟ್ಟಿ ನೋಡಬೇಕು.

ಬಣ್ಣದ ದಪ್ಪ ಅಳೆಯುವ ಮೀಟರನ್ನು ಜೊತೆಗೆ ಒಯ್ಯಿರಿ. ನಾನು ಒಮ್ಮೆ ಕೆಂಪು ಕಾರೊಂದನ್ನು ನೋಡಲು ಹೋಗಿದ್ದೆ. ಮಾರುವವರು ಕಾಫಿ ಕೊಟ್ಟು, ಈ ಕಾರಿಗೆ ಒಂದು ಗೀರೂ ಬಿದ್ದಿಲ್ಲ ಎಂದು ಹೇಳುತ್ತ ಬಾನೆಟ್ಟನ್ನು ಮೆಲ್ಲಗೆ ಒರೆಸಿದರು. ಮೀಟರು ಬಾನೆಟ್ಟಿನ ಮೇಲೆ 130 ಮೈಕ್ರಾನ್ ತೋರಿಸಿತು, ಬಾಗಿಲ ಮೇಲೆ 140. ಎಡ ಮುಂದಿನ ಮಡ್‌ಗಾರ್ಡಿನ ಮೇಲೆ ಕೈ ಜರುಗಿಸಿದಂತೆ ಅಂಕಿ 300 ಆಯಿತು, ಆಮೇಲೆ 700, ಹೆಡ್‌ಲೈಟಿನ ಹತ್ತಿರ ಹೋದಾಗ ಮೀಟರು ಅಳೆಯುವುದನ್ನೇ ನಿಲ್ಲಿಸಿತು. ಅಲ್ಲಿ ಲೋಹಕ್ಕಿಂತ ಪುಟ್ಟಿಯೇ ಹೆಚ್ಚಾಗಿತ್ತು. ಮುಂಭಾಗದ ಕಂಬಳಿಯನ್ನು ಎತ್ತಿದಾಗ ಬೆಸುಗೆಯ ಸಾಲು ಬಲಗಡೆ ನೇರವಾಗಿಯೂ ಎಡಗಡೆ ಅಂಕುಡೊಂಕಾಗಿಯೂ ಕಂಡಿತು. ನಾನು ಧನ್ಯವಾದ ಹೇಳಿ ಹೊರಟೆ. ಹಿಂದಿನಿಂದ ಗಿರಕಿ ಹೊಡೆದು ಬೇಲಿಗೋ ಮರಕ್ಕೋ ತಗುಲಿದ ಕಾರುಗಳು ಈ ಮಾದರಿಯಲ್ಲಿ ಸಾಕಷ್ಟಿವೆ. ಚೆನ್ನಾಗಿ ರಿಪೇರಿಯಾಗಿ, ಅದನ್ನು ಹೇಳಿಯೇ ಮಾರುವ ಕಾರನ್ನು ಬೆಲೆ ನೋಡಿ ಕೊಳ್ಳಬಹುದು. ಮುಚ್ಚಿಟ್ಟದ್ದನ್ನು ಮಾತ್ರ ಎಷ್ಟು ಅಗ್ಗವಾದರೂ ಬಿಡಬೇಕು.

ಎಂಜಿನ್

ನೀವು ಬರುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕೆಂದು ಹಿಂದಿನ ದಿನವೇ ಮಾರುವವರಿಗೆ ತಿಳಿಸಿ, ಹೋದ ಕೂಡಲೇ ಹಿಂಭಾಗದ ಮುಚ್ಚಳ ಎತ್ತಿ ಕೈಯಿಟ್ಟು ನೋಡಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವ ರೀತಿಯಿಂದಲೇ ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಧನ ವ್ಯವಸ್ಥೆಯ ಆರೋಗ್ಯ ಅರ್ಧ ತಿಳಿಯುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್‌ನವರದೇ ಆದ ಮೈಕೋ ಕಾರ್ಖಾನೆಯ ಗೋಡೆ ನೋಡುತ್ತ ಬೆಳೆದ ನನ್ನಂಥವರಿಗೆ ಈ ಹೆಸರು ಮನೆಯದೇ ಅನ್ನಿಸುತ್ತದೆ, ಆದರೆ ಎಲೆಕ್ಟ್ರಾನಿಕ್ಸ್ ಇಲ್ಲದ, ಗಾಳಿಯ ಹರಿವು ಮತ್ತು ಒತ್ತಡದ ಲೆಕ್ಕದಲ್ಲೇ ಪೆಟ್ರೋಲ್ ಅಳೆಯುವ ಈ ವ್ಯವಸ್ಥೆಯನ್ನು ಬಲ್ಲ ಮೆಕ್ಯಾನಿಕ್‌ಗಳು ಈಗ ವಯಸ್ಸಾದವರು. ಅಂಥವರೊಬ್ಬರನ್ನು ಕಾರು ಕೊಳ್ಳುವ ಮುಂಚೆಯೇ ಹುಡುಕಿಟ್ಟುಕೊಂಡು, ಪರೀಕ್ಷೆಗೆ ಅವರ ಲಿಫ್ಟಿನ ಮೇಲೆಯೇ ಕಾರನ್ನು ಏರಿಸಿ.

ಆರೂ ಸಿಲಿಂಡರುಗಳಿಗೆ ಲೀಕ್‌ಡೌನ್ ಪರೀಕ್ಷೆ, ಅಂದರೆ ಒಳಗೆ ತುಂಬಿದ ಗಾಳಿ ಎಷ್ಟು ಸೋರುತ್ತದೆಂದು ನೋಡುವ ಪರೀಕ್ಷೆ ಮಾಡಿಸಿ. ನಷ್ಟ ನೂರಕ್ಕೆ ಹತ್ತರೊಳಗಿದ್ದು ಆರರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಸಿಲಿಂಡರ್ ತಲೆಯನ್ನು ಬಿಗಿದಿಡುವ ಉದ್ದದ ಬೋಲ್ಟುಗಳಲ್ಲಿ ಕೆಳಗಿನ ಸಾಲಿನವು ಕಾಲಕ್ರಮದಲ್ಲಿ ತುಂಡಾಗುವುದು ಈ ಎಂಜಿನ್ನಿನ ಹಳೆಯ ಕಾಯಿಲೆ. ಕೆಳಗಿನ ವಾಲ್ವ್ ಮುಚ್ಚಳ ತೆಗೆದು ನೋಡಿದರೆ ಸಡಿಲವಾದ ನಟ್ಟು ಸಿಕ್ಕಿಬಿಡುತ್ತದೆ. ಒಂದು ಬೋಲ್ಟು ತುಂಡಾಗಿದ್ದರೂ ಎಂಜಿನ್ ಇಳಿಸಬೇಕು, ಇಳಿಸಿದ ಮೇಲೆ ಪೂರ್ತಿ ಕೆಲಸ ಮಾಡಿಸದೆ ಏರಿಸುವುದು ಜಾಣತನವಲ್ಲ, ಹಾಗೆ ಮಾಡಿಸಿದರೆ ಬಿಲ್ಲು ಹತ್ತಾರು ಸಾವಿರ ಯೂರೋ. ಟರ್ಬೊದಿಂದ ನೀಲಿ ಹೊಗೆ, ಬಿಸಿಗಾಳಿ ಪೆಟ್ಟಿಗೆಗಳ ತುಕ್ಕು, ಆಯಿಲ್ ಕೊಳವೆಗಳ ಜಿನುಗು, ಇವನ್ನು ಬೆಲೆ ಮಾತಾಡುವಾಗ ಲೆಕ್ಕಕ್ಕೆ ಹಿಡಿಯಿರಿ. 3.3 ಲೀಟರಿನ ಕಾರಿನಲ್ಲಿ ಕ್ಲಚ್ ತಟ್ಟೆಯ ನಡುವೆ ಮೂಲತಃ ರಬ್ಬರ್ ಇತ್ತು; ಅದು ಹಳೆಯದಾದರೆ ಒಡೆದು ಉದುರುತ್ತದೆ. ಸ್ಪ್ರಿಂಗಿನ ತಟ್ಟೆಗೆ ಬದಲಿಸಿದ್ದಾರೆಯೇ ಎಂದು ಬಿಲ್ಲಿನಲ್ಲಿ ಹುಡುಕಿ.

ಒಪ್ಪಂದ, ನೋಂದಣಿ, ವಿಮೆ

ಜರ್ಮನಿಯಲ್ಲಿ ಖಾಸಗಿ ಮಾರಾಟಗಾರರು ದೋಷಗಳ ಹೊಣೆಯನ್ನು ಒಪ್ಪಂದದಲ್ಲಿ ಕೈಬಿಡಬಹುದು, ಸಾಮಾನ್ಯವಾಗಿ ಬಿಟ್ಟೇ ಇರುತ್ತಾರೆ. ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ ಮಾತ್ರ ಆ ರಕ್ಷಣೆ ಸಲ್ಲುವುದಿಲ್ಲ. ಆದ್ದರಿಂದ ಬಾಯಲ್ಲಿ ಹೇಳಿದ್ದನ್ನೆಲ್ಲ ಕಾಗದಕ್ಕೆ ಇಳಿಸಬೇಕು: ಅಪಘಾತವಾಗಿಲ್ಲ, ಎಂಜಿನ್ ಮೂಲದ್ದೇ, ಕಿಲೋಮೀಟರ್ ಇಷ್ಟು. ಬರೆಯಲು ಹಿಂಜರಿದರೆ ಅದೇ ನಿಮಗೆ ಉತ್ತರ.

ಮೂವತ್ತು ವರ್ಷ ತುಂಬಿ, ಮೂಲ ಸ್ಥಿತಿಯಲ್ಲಿ ಚೆನ್ನಾಗಿ ಉಳಿದ ಕಾರಿಗೆ ತಜ್ಞರ ವರದಿಯ ಮೇಲೆ ಎಚ್ ಅಕ್ಷರದ ನಂಬರ್ ಪ್ಲೇಟು ಸಿಗುತ್ತದೆ, ಆಗ ವಾರ್ಷಿಕ ತೆರಿಗೆ 191.73 ಯೂರೋ. 2017ರಿಂದ ಎಚ್ ಪ್ಲೇಟನ್ನು ವರ್ಷದ ಕೆಲವು ತಿಂಗಳಿಗಷ್ಟೇ ಸೀಮಿತವಾಗಿಯೂ ಪಡೆಯಬಹುದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಎಂದು ಪಡೆದರೆ ಉಪ್ಪಿನ ರಸ್ತೆಗೆ ಇಳಿಯುವ ಆಸೆಯೂ ತಾನಾಗಿ ತಪ್ಪುತ್ತದೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ತರಿಸುವಾಗ ಸಂಗ್ರಹಯೋಗ್ಯ ವಾಹನವೆಂದು ಸುಂಕದವರು ಒಪ್ಪಿದರೆ ಆಮದು ಸುಂಕ ಬೀಳುವುದಿಲ್ಲ, ತೆರಿಗೆ ನೂರಕ್ಕೆ ಏಳು ಮಾತ್ರ. ಎಂಜಿನ್, ಬ್ರೇಕು, ಸಸ್ಪೆನ್ಷನ್ ಬದಲಿಸಿದ ಕಾರಿಗೆ ಆ ರಿಯಾಯಿತಿ ತಪ್ಪಬಹುದು.

ವಿಮೆಯನ್ನು ಹಳೆಯ ಕಾರುಗಳಿಗೆಂದೇ ಇರುವ ಯೋಜನೆಯಲ್ಲಿ, ಮೌಲ್ಯಮಾಪಕರ ವರದಿಯ ಮೊತ್ತಕ್ಕೆ ಮಾಡಿಸಿ. ಮೊದಲ ಸಲ ಕೀಲಿ ತಿರುಗಿಸುವ ಮುನ್ನ ಅದು ಜಾರಿಯಲ್ಲಿರಬೇಕು. ನ್ಯೂರ್ಬುರ್ಗ್‌ರಿಂಗ್‌ನಂಥ ರೇಸ್ ದಾರಿಯಲ್ಲಿ ಆದ ಹಾನಿಯನ್ನು ಅನೇಕ ವಿಮೆಗಳು ಹೊರಗಿಡುತ್ತವೆ ಎಂಬುದನ್ನು ಓದಿಕೊಂಡಿರಿ.

ಮೊದಲ ತಿಂಗಳುಗಳ ಆರೈಕೆ

ಆನೆ ಸಾಕುವವರಿಗೆ ಮೇವಿನ ಲೆಕ್ಕ ಮೊದಲೇ ಗೊತ್ತಿರಬೇಕು. ಕಾರಿನ ಬೆಲೆಯ ಹೊರತಾಗಿ ಒಂದು ದೊಡ್ಡ ರಿಪೇರಿಗೆ ಸಾಲುವಷ್ಟು ಹಣ ಪಕ್ಕದಲ್ಲಿ ಇಲ್ಲದಿದ್ದರೆ ಇನ್ನೆರಡು ವರ್ಷ ಕಾಯುವುದೇ ಮೇಲು.

ಮನೆಗೆ ತಂದ ಮೇಲೆ ಮೊದಲ ಕೆಲಸ ಟೈರು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಆರು ವರ್ಷ ದಾಟಿದ್ದರೆ ಗುಂಡಿ ಎಷ್ಟೇ ಆಳವಾಗಿದ್ದರೂ ನಾಲ್ಕನ್ನೂ ಬದಲಿಸಿ, ಏಕೆಂದರೆ ಗಟ್ಟಿಯಾದ ರಬ್ಬರಿನ ಮೇಲೆ ಈ ಕಾರು ಎಚ್ಚರಿಕೆ ಕೊಡದೆ ಜಾರುತ್ತದೆ. ಗಾಳಿಯ ಒತ್ತಡ ಮುಂದೆ 2.0 ಬಾರ್, ಹಿಂದೆ 3.0 ಬಾರ್. ಈ ವ್ಯತ್ಯಾಸ ಮುದ್ರಣದ ದೋಷವೆಂದು ಭಾವಿಸಿ ನಾಲ್ಕಕ್ಕೂ ಒಂದೇ ಗಾಳಿ ತುಂಬುವವರನ್ನು ಕಂಡಿದ್ದೇನೆ. ಹಿಂದಿನ ಭಾರವನ್ನು ಹೊರಲು ಕಾರ್ಖಾನೆಯವರೇ ಕೊಟ್ಟ ಲೆಕ್ಕ ಅದು.

ಎರಡನೆಯದು ಆಯಿಲ್. ಸುಮಾರು 13 ಲೀಟರ್ ಹಿಡಿಯುವ ಈ ವ್ಯವಸ್ಥೆಯಲ್ಲಿ ಆಯಿಲ್ ಎಂಜಿನ್ನಿನ ಕೆಳಗೆ ಕೂರುವುದಿಲ್ಲ, ಬಲ ಹಿಂಚಕ್ರದ ಬಳಿಯ ಬೇರೆ ಟ್ಯಾಂಕಿನಲ್ಲಿರುತ್ತದೆ. ಬೆಳಿಗ್ಗೆ ತಣ್ಣಗಿನ ಕಾರಿನಲ್ಲಿ ಕಡ್ಡಿ ಎತ್ತಿದರೆ ಒಣಗಿದ ಕಡ್ಡಿ ಬರಬಹುದು. ಗಾಬರಿಯಿಂದ ಎರಡು ಲೀಟರ್ ಸುರಿದರೆ ಬಿಸಿಯಾದಾಗ ಅದು ಉಕ್ಕಿ ಗಾಳಿಯ ಕೊಳವೆಗೆ ನುಗ್ಗುತ್ತದೆ, ಹಿಂದೆ ಬಿಳಿ ಹೊಗೆಯ ಮೋಡ ಏಳುತ್ತದೆ. ಅರ್ಧ ಗಂಟೆ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಸುಮ್ಮನೆ ಓಡುತ್ತಿರುವಾಗಲೇ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡುವುದು ಸರಿಯಾದ ಕ್ರಮ.

ಮೂರನೆಯದು ಫ್ಯಾನಿನ ಪಟ್ಟಿ. ಈ ಎಂಜಿನ್ನಿಗೆ ನೀರಿಲ್ಲ, ಗಾಳಿ ಮತ್ತು ಆಯಿಲ್ಲೇ ಅದನ್ನು ತಣಿಸುತ್ತವೆ, ಆ ಗಾಳಿ ಬೀಸುವ ಫ್ಯಾನು ಮತ್ತು ಆಲ್ಟರ್ನೇಟರ್ ಒಂದೇ ಪಟ್ಟಿಯಿಂದ ತಿರುಗುತ್ತವೆ. ಓಡುವಾಗ ಬ್ಯಾಟರಿ ಚಾರ್ಜಿನ ಕೆಂಪು ದೀಪ ಹೊತ್ತಿದರೆ ಪಟ್ಟಿ ಹರಿದಿರಬಹುದು. ಮುಂದಿನ ಬಂಕ್‌ವರೆಗೆ ಹೋಗೋಣ ಎನ್ನದೆ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಒಂದು ಹೆಚ್ಚುವರಿ ಪಟ್ಟಿ ಮತ್ತು ಅದನ್ನು ಹಾಕುವ ಸ್ಪ್ಯಾನರು ಸದಾ ಕಾರಿನಲ್ಲಿರಲಿ.

ಓಡಿಸುವ ಬಗೆ

ಈ ಕಾರಿನ ನೂರರಲ್ಲಿ ಅರವತ್ತು ಪಾಲು ಭಾರ ಹಿಂಚಕ್ರಗಳ ಮೇಲಿದೆ, ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದೆ ತೂಗಿಕೊಂಡಿದೆ. ಎಬಿಎಸ್ ಇಲ್ಲ, ಚಕ್ರ ಜಾರುವುದನ್ನು ತಡೆಯುವ ಯಾವ ಯಂತ್ರವೂ ಇಲ್ಲ, ಸ್ಟಿಯರಿಂಗಿಗೆ ಪವರ್ ಇಲ್ಲ. ಅಪಾಯ ಹುಟ್ಟುವ ಕ್ರಮವನ್ನು ನಿಧಾನವಾಗಿ ಅರ್ಥಮಾಡಿಕೊಳ್ಳಿ.

ತಿರುವಿನೊಳಗೆ ತುಸು ಜೋರಾಗಿ ಹೋದಾಗ ಹಗುರವಾದ ಮುಂಭಾಗ ಮೊದಲು ಹೊರಕ್ಕೆ ಸರಿಯುತ್ತದೆ. ಓಡಿಸುವವರ ಕಾಲು ತಾನಾಗಿಯೇ ಆಕ್ಸಿಲರೇಟರಿನಿಂದ ಮೇಲೇಳುತ್ತದೆ. ಆ ಕ್ಷಣದಲ್ಲಿ ಭಾರ ಮುಂದಕ್ಕೆ ವಾಲಿ ಹಿಂಟೈರುಗಳ ಹಿಡಿತ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆ ಟೈರುಗಳನ್ನೇ ತಡೆದು ಹಿಡಿಯುತ್ತದೆ, ಹಿಂಭಾಗ ಮೇಲೆದ್ದಾಗ ಓರೆಯಾಗಿ ಜೋಡಿಸಿದ ಸಸ್ಪೆನ್ಷನ್ ತೋಳುಗಳಿಂದಾಗಿ ಹಿಂಚಕ್ರಗಳ ಮುಖವೂ ಸ್ವಲ್ಪ ಹೊರಕ್ಕೆ ತಿರುಗುತ್ತದೆ. ಆಗ ಹಿಂದಿನ ಭಾರ ಕವಣೆಯ ಕಲ್ಲಿನಂತೆ ಬೀಸಿ ಬರುತ್ತದೆ.

ಇದರ ಮೇಲೆ ಟರ್ಬೊ ಇದೆ. ಸುಮಾರು 3,000 ಸುತ್ತಿನ ಕೆಳಗೆ ಎಂಜಿನ್ ಸಪ್ಪೆಯಾಗಿರುತ್ತದೆ, 3.0 ಲೀಟರಿನಲ್ಲಿ ಕಂಪ್ರೆಷನ್ ಅನುಪಾತ ಬರೀ 6.5. ಕಾಲೊತ್ತಿದರೆ ಏನೂ ಆಗುವುದಿಲ್ಲ, ಇನ್ನಷ್ಟು ಒತ್ತುತ್ತೀರಿ, ತಿರುವಿನ ನಟ್ಟನಡುವೆ ಮೊದಲ 3.3 ಲೀಟರಿನ 412 ನ್ಯೂಟನ್ ಮೀಟರ್ ತಿರುಗುಬಲ ಒಮ್ಮೆಲೇ ಬಂದು ಬೀಳುತ್ತದೆ. ಬೆಚ್ಚಿ ಕಾಲು ತೆಗೆದರೆ ಮೇಲೆ ಹೇಳಿದ್ದೆಲ್ಲ ಮತ್ತೆ ಶುರುವಾಗುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ದಾರಿ ನೇರವಾಗಿರುವಾಗಲೇ ಬ್ರೇಕ್ ಹಾಕಿ, ಬೇಕೆನ್ನಿಸುವುದಕ್ಕಿಂತ ಸ್ವಲ್ಪ ಹೆಚ್ಚೇ ವೇಗ ತಗ್ಗಿಸಿ. ಸ್ಟಿಯರಿಂಗ್ ತಿರುಗಿಸುವ ಮುನ್ನ ಗೇರ್ ಬದಲಾವಣೆ ಮುಗಿದು ಕ್ಲಚ್ ಪೂರ್ತಿ ಬಿಟ್ಟಿರಬೇಕು. ಒಳಹೊಕ್ಕ ಮೇಲೆ ಆಕ್ಸಿಲರೇಟರನ್ನು ಮೆಲ್ಲಗೆ, ಒಂದೇ ಸಮ ಒತ್ತಿ ಹಿಡಿಯಿರಿ. ಅದು ಹಿಂಟೈರುಗಳನ್ನು ನೆಲಕ್ಕೆ ಒತ್ತಿಡುತ್ತದೆ. ತಿರುವಿನ ಕೊನೆ ಕಣ್ಣಿಗೆ ಬಿದ್ದು, ಸ್ಟಿಯರಿಂಗ್ ನೇರವಾಗತೊಡಗಿದ ಮೇಲಷ್ಟೇ ಟರ್ಬೊ ಎದ್ದೇಳಲು ಬಿಡಿ. ಒದ್ದೆ ರಸ್ತೆಯಲ್ಲಿ ಒಂದು ಗೇರ್ ಮೇಲಿಟ್ಟುಕೊಂಡು, ಟರ್ಬೊ ಎಚ್ಚರವಾಗದಷ್ಟು ಕಡಿಮೆ ಸುತ್ತಿನಲ್ಲೇ ತಿರುವು ದಾಟಿ.

ಇಷ್ಟನ್ನು ಓದಿ ಕಲಿಯಲಾಗುವುದಿಲ್ಲ. ಜರ್ಮನಿಯ ವಾಹನ ಚಾಲಕರ ಸಂಘವಾದ ಎಡಿಎಸಿಯ ಸುರಕ್ಷಾ ತರಬೇತಿ ಮೈದಾನಗಳಲ್ಲಿ ನೀರು ಹಾಯಿಸಿದ ಜಾರುನೆಲವಿದೆ, ಹೊಕೆನ್‌ಹೈಮಿನಲ್ಲಿ ಪೋರ್ಷೆಯವರದೇ ತರಬೇತಿ ಕೇಂದ್ರವಿದೆ. ಮೊದಲ ತಿಂಗಳಲ್ಲೇ ಅಂಥ ಒಂದು ದಿನ ಕಳೆಯಿರಿ. ನಾನು ಹೋದ ದಿನ ತರಬೇತುದಾರರು ಒದ್ದೆ ವೃತ್ತದಲ್ಲಿ ನಿಧಾನವಾಗಿ ಸುತ್ತಲು ಹೇಳಿ, ಈಗ ಕಾಲು ಪೂರ್ತಿ ತೆಗೆಯಿರಿ ಎಂದರು. ಅರೆಕ್ಷಣ ಏನೂ ಆಗಲಿಲ್ಲ. ಬೆನ್ನಿನ ಕೆಳಗೆ ಸೀಟು ಪಕ್ಕಕ್ಕೆ ಜರುಗಿದಂತಾಯಿತು, ಮುಂಗಾಜಿನಲ್ಲಿ ಕಾಣುತ್ತಿದ್ದ ಕಿತ್ತಳೆ ಕೋನು ಎಡಕ್ಕೆ ಓಡಿತು, ಕಾರು ಹಿಂದುಮುಂದಾಗಿ ನಿಂತಿತು. ಮೂರು ಸಲ ಹಾಗೇ ಆಯಿತು. ನಾಲ್ಕನೆಯ ಸಲ ಕಾಲನ್ನು ಪೂರ್ತಿ ತೆಗೆಯದೆ ಕೂದಲೆಳೆಯಷ್ಟು ಸಡಿಲಿಸಿ, ಸೀಟು ಜರುಗಿದ ಕೂಡಲೇ ಜಾರಿದ ದಿಕ್ಕಿಗೇ ಸ್ಟಿಯರಿಂಗ್ ತಿರುಗಿಸಿದೆ, ಹಿಂಭಾಗ ತಡೆಯಿತು. ಆಗ ಅವರು ಕೂಗಿ ಹೇಳಿದ್ದು, ಈಗ ಬೇಗ ನೇರ ಮಾಡಿ ಎಂದು. ಹಿಡಿತ ಮರಳಿದಾಗ ಚಕ್ರ ಇನ್ನೂ ಓರೆಯಾಗಿದ್ದರೆ ಕಾರು ಎದುರು ದಿಕ್ಕಿಗೆ ಮತ್ತೊಮ್ಮೆ ಬೀಸುತ್ತದೆ, ಆ ಎರಡನೆಯ ಬೀಸು ಮೊದಲಿನದಕ್ಕಿಂತ ಕೆಟ್ಟದ್ದು.

ದಿನದ ಓಟ ಮುಗಿದಾಗ ಕೊನೆಯ ಕೆಲವು ಕಿಲೋಮೀಟರ್ ಸಾವಧಾನವಾಗಿ ಬಂದು, ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಓಡಲು ಬಿಡಿ. ಕೆಂಪಗೆ ಕಾದ ಟರ್ಬೊದ ಬೇರಿಂಗಿನಲ್ಲಿ ಆಯಿಲ್ ಹರಿವು ಒಮ್ಮೆಲೇ ನಿಂತರೆ ಅದು ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ.

ಮಾರುವಾಗ

ನೀವು ಕೊಳ್ಳುವಾಗ ಕೇಳಿದ್ದನ್ನೆಲ್ಲ ಮಾರುವಾಗ ಕೊಡಲು ಸಿದ್ಧರಿರಬೇಕು, ಅದಕ್ಕೆ ಮೊದಲ ದಿನದಿಂದಲೇ ಒಂದು ಕಡತ ತೆರೆದಿಡಿ. ಪ್ರತಿ ಬಿಲ್ಲು, ಪ್ರತಿ ತಪಾಸಣೆ, ಬಿಚ್ಚಿದ ಹಳೆಯ ಭಾಗಗಳ ಚಿತ್ರ ಅದರಲ್ಲಿರಲಿ. ತೆಗೆದ ಮೂಲ ಭಾಗಗಳನ್ನು, ರೇಡಿಯೋ ಆದರೂ ಸರಿ, ಎಸೆಯಬೇಡಿ. ಬಣ್ಣ ಹೊಡೆಸಿದ್ದರೆ ಎಲ್ಲಿ, ಯಾಕೆ ಎಂದು ನೀವೇ ಮುಂದಾಗಿ ಹೇಳಿ. ಹರಾಜಿನಲ್ಲಿ ಮಾರಿದರೆ ಕಮಿಷನ್ ಕಳೆದು ಕೈಗೆ ಬರುವ ಮೊತ್ತವನ್ನು ಮೊದಲೇ ಬರೆದು ನೋಡಿ. ಕಡತ ಗಟ್ಟಿಯಿದ್ದರೆ ಖಾಸಗಿ ಮಾರಾಟದಲ್ಲಿ ಅದಕ್ಕೆ ಕಡಿಮೆಯಿಲ್ಲದ ಬೆಲೆ ಸಿಗಬಹುದು.

ಪರೀಕ್ಷೆಗೆ ಓಡಿಸಲು ಕೊಡುವಾಗ ಮೊದಲ ಹತ್ತು ಕಿಲೋಮೀಟರ್ ನೀವೇ ಓಡಿಸಿ, ಟರ್ಬೊ ಎಲ್ಲಿ ಎದ್ದೇಳುತ್ತದೆಂದು ನೇರ ರಸ್ತೆಯಲ್ಲಿ ತೋರಿಸಿ, ಆಮೇಲೆ ಸೀಟು ಬಿಟ್ಟುಕೊಡಿ. ಕೊಳ್ಳುವವರು ಇಂಥ ಕಾರು ಹಿಂದೆ ಓಡಿಸಿಲ್ಲವೆಂದು ತಿಳಿದರೆ ತರಬೇತಿ ಮೈದಾನದ ವಿಳಾಸವನ್ನೂ ಕಡತದೊಳಗೆ ಸೇರಿಸಿ. ಒಪ್ಪಂದದ ದಿನ ಮಳೆ ಬರುತ್ತಿದ್ದರೆ ಹಣ, ಕಾಗದ ಎಲ್ಲ ಮುಗಿಸಿಕೊಂಡು, ಕಾರನ್ನು ರಸ್ತೆ ಒಣಗಿದ ಮೇಲೆ ಬಂದು ಒಯ್ಯಲು ಹೇಳಿ.